ಹಿಂಬದಿಯ ಎರಡು ಕಪಾಟುಗಳು: ನಮ್ಮ ವಾಚನಾಲಯದ ಸುದ್ದಿ ಮತ್ತು ಸದಸ್ಯರ ಅಭಿಪ್ರಾಯಕ್ಕಾಗಿ ಒಂದು ವಿಷಯ

ವಾಚನಾಲಯದ ಕಾರ್ಯದರ್ಶಿ, ಹಳೆ ಬಾಗಲಕೋಟೆ

ಎಲ್ಲ ಸದಸ್ಯರಿಗೂ ಓದುಗರಿಗೂ ನಮಸ್ಕಾರ. ಮೊದಲು ಸುದ್ದಿಗಳನ್ನು ಹೇಳಿ ಮುಗಿಸಿ, ಆಮೇಲೆ ನಿಮ್ಮೆಲ್ಲರ ಅಭಿಪ್ರಾಯ ಬೇಕಾಗಿರುವ ವಿಷಯಕ್ಕೆ ಬರುತ್ತೇನೆ.

ಮಾಳಿಗೆಯ ದುರಸ್ತಿ ಮಳೆಗಾಲಕ್ಕೆ ಮೊದಲೇ ಮುಗಿದಿದೆ. ಓದುವ ಕೋಣೆಯ ಈಶಾನ್ಯ ಮೂಲೆಯಲ್ಲಿ ಸೋರುತ್ತಿದ್ದ ಜಾಗ ಈ ಸಲದ ಮೊದಲ ಎರಡು ಮಳೆಗಳಲ್ಲಿ ಒಣಗಿಯೇ ಇತ್ತು. ಖರ್ಚಿನ ಲೆಕ್ಕವನ್ನು, ಪಟ್ಟಿ ಕೊಟ್ಟವರ ಹೆಸರುಗಳ ಸಮೇತ, ಬಾಗಿಲ ಪಕ್ಕದ ಫಲಕದ ಮೇಲೆ ಅಂಟಿಸಲಾಗಿದೆ. ವಾಚನಾಲಯದ ವೇಳೆಯನ್ನು ಬೆಳಿಗ್ಗೆ 7ರಿಂದ ರಾತ್ರಿ 9ರವರೆಗೆ ವಿಸ್ತರಿಸಲಾಗಿದೆ. ರವಿವಾರ ಮುಂಜಾನೆ ಮಕ್ಕಳಿಗೆ ಕಥೆ ಓದಿ ಹೇಳುವ ಕಾರ್ಯಕ್ರಮ ಎಂದಿನಂತೆ ನಡೆಯುತ್ತಿದೆ. ಹೋಳಿಯ ಬಣ್ಣದ ದಿನಗಳಲ್ಲಿ ಮಾತ್ರ ಬಾಗಿಲು ಮುಚ್ಚಿರುತ್ತದೆ ಎಂಬ ನಮ್ಮ ಹಳೆಯ ನಿಯಮದಲ್ಲಿ ಬದಲಾವಣೆ ಇಲ್ಲ.

ಈಗ ವಿಷಯ. ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವ ವಿದ್ಯಾರ್ಥಿಗಳ ಸಂಖ್ಯೆ ಈಚೆಗೆ ಎಷ್ಟು ಹೆಚ್ಚಿದೆಯೆಂದರೆ, ನಾವು ಕೀಲಿ ತೆಗೆಯುವ ಮೊದಲೇ ಕಟ್ಟೆಯ ಮೇಲೆ ಚೀಲಗಳ ಸಾಲು ಹತ್ತಿರುತ್ತದೆ. ಪೊಲೀಸ್ ಕಾನ್‌ಸ್ಟೇಬಲ್, ಪಿಡಿಒ, ಎಫ್‌ಡಿಎ, ಎಸ್‌ಡಿಎ ಎಂದು ಒಂದಲ್ಲ ಒಂದು ಪರೀಕ್ಷೆ ಮುಂದಿದ್ದೇ ಇರುತ್ತದೆ. 2024ರಲ್ಲಿ 1,000 ಗ್ರಾಮ ಆಡಳಿತ ಅಧಿಕಾರಿ ಹುದ್ದೆಗಳಿಗೆ ಅರ್ಜಿ ಕರೆದಾಗಲಂತೂ ಪತ್ರಿಕೆ ಓದಲು ಬರುವ ಹಿರಿಯರು ಹೊರಗಿನ ಬೆಂಚಿನ ಮೇಲೆ ಕುಳಿತು ಓದಿ ಮನೆಗೆ ಹೋಗಬೇಕಾಯಿತು. ಆದುದರಿಂದ ಕಾರ್ಯಕಾರಿ ಸಮಿತಿಯು ಹೀಗೊಂದು ಪ್ರಸ್ತಾವವನ್ನು ಸರ್ವಸಾಧಾರಣ ಸಭೆಯ ಮುಂದೆ ಇಡಬೇಕೆಂದಿದೆ: ಹಿಂಬದಿಯ ಗೋಡೆಗೆ ಇರುವ ಎರಡು ಕಪಾಟುಗಳಲ್ಲಿನ, ಹತ್ತು ವರ್ಷಗಳಿಂದ ಯಾರೂ ಮನೆಗೆ ಒಯ್ಯದ ಪುಸ್ತಕಗಳನ್ನು ವಿಲೇವಾರಿ ಮಾಡಿ, ಆ ಜಾಗದಲ್ಲಿ ಎಂಟು ಜನ ಕುಳಿತು ಓದುವಷ್ಟು ಉದ್ದನೆಯ ಮೇಜೊಂದನ್ನು ಹಾಕಿಸುವುದು. ಸಭೆಗೆ ಮೊದಲೇ ನಿಮ್ಮ ಮಾತುಗಳನ್ನು ಇಲ್ಲಿ ಬರೆದರೆ ಠರಾವನ್ನು ಸರಿಯಾಗಿ ಬರೆಯಲು ನಮಗೆ ಅನುಕೂಲವಾಗುತ್ತದೆ.

ನಿವೃತ್ತ ಹೈಸ್ಕೂಲು ಶಿಕ್ಷಕ, ಕಿಲ್ಲಾ ಓಣಿಯಿಂದ ನವನಗರಕ್ಕೆ ಹೋದವನು

ಕಾರ್ಯದರ್ಶಿಗಳಿಗೆ ನಮಸ್ಕಾರ. ಮಾಳಿಗೆಯ ಕೆಲಸವನ್ನು ಹೊತ್ತಿಗೆ ಸರಿಯಾಗಿ ಮುಗಿಸಿದ್ದಕ್ಕೆ ನಿಮ್ಮನ್ನೂ ಸಮಿತಿಯವರನ್ನೂ ಅಭಿನಂದಿಸುತ್ತೇನೆ. ಆದರೆ ಪ್ರಸ್ತಾವವನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ.

ಆ ಎರಡು ಕಪಾಟುಗಳು ಈ ಗೋಡೆಗೆ ಹೇಗೆ ಬಂದವು ಎಂಬುದು ಈಗಿನ ಸದಸ್ಯರಲ್ಲಿ ಹೆಚ್ಚಿನವರಿಗೆ ಗೊತ್ತಿರಲಾರದು. ಆಲಮಟ್ಟಿ ಜಲಾಶಯದ ನೀರು 519.60 ಮೀಟರಿಗೆ ನಿಲ್ಲಲು 2000ದಲ್ಲಿ ಸುಪ್ರೀಂ ಕೋರ್ಟು ಒಪ್ಪಿಗೆ ಕೊಟ್ಟ ಮೇಲೆ, ಘಟಪ್ರಭೆಯ ಹಿನ್ನೀರು ನಮ್ಮ ಊರಿನ ತಗ್ಗಿನ ಓಣಿಗಳಿಗೆ ಬರುವುದು ಖಚಿತವಾಯಿತು. ಒಂದೊಂದೇ ಓಣಿ ಖಾಲಿಯಾಗತೊಡಗಿತು. ಜನ ಬಾಗಿಲ ಚೌಕಟ್ಟು, ಕಿಟಕಿ, ಜಂತಿ, ತೊಲೆಗಳನ್ನು ಬಿಚ್ಚಿಕೊಂಡು, ಮುಳುಗಡೆಯಾದವರಿಗಾಗಿ ಕಟ್ಟಿದ ನವನಗರದ ದಾರಿ ಹಿಡಿದರು. ಅಡುಗೆಮನೆಯ ಒಳಕಲ್ಲನ್ನೂ ಕಿತ್ತು ಗಾಡಿಗೆ ಹೇರಿದವರನ್ನು ನೋಡಿದ್ದೇನೆ. ಆಗ ಎಷ್ಟೋ ಮನೆಗಳಲ್ಲಿ ಅಜ್ಜ, ಮುತ್ತಜ್ಜನ ಕಾಲದ ಪುಸ್ತಕಗಳ ಗಂಟುಗಳಿದ್ದವು. ಹೊಸ ಮನೆಗೆ ಒಯ್ಯಲು ಜಾಗವಿಲ್ಲ, ರದ್ದಿಗೆ ಹಾಕಲು ಮನಸ್ಸಿಲ್ಲ. ಆ ಕಪಾಟುಗಳಲ್ಲಿ ಹೆಚ್ಚಾಗಿ ಇರುವುದು ಹಾಗೆ ಬಂದ ಗಂಟುಗಳೇ. ನಾವು ನಾಲ್ಕು ಜನ ಎರಡು ಸಂಜೆ ಕೈಗಾಡಿಯಲ್ಲಿ ಅವನ್ನು ಹೇರಿಕೊಂಡು ಬಂದೆವು. ಒಬ್ಬ ತಾಯಿ ತಮ್ಮ ಮಾವನವರ ಪುಸ್ತಕಗಳನ್ನು ಹಳೆಯ ಇಳಕಲ್ ಸೀರೆಯಲ್ಲಿ ಕಟ್ಟಿ ಕೊಟ್ಟಿದ್ದರು. ಸೀರೆಯನ್ನು ತಿರುಗಿ ಕೊಡಲು ಹೋದಾಗ ಆ ಮನೆಯೇ ಇರಲಿಲ್ಲ.

ಹತ್ತು ವರ್ಷ ಯಾರೂ ಒಯ್ಯಲಿಲ್ಲ ಎನ್ನುತ್ತೀರಿ. ಒಯ್ಯಬಹುದಾದವರಿಗೆ ಅಲ್ಲಿ ಏನಿದೆ ಎಂಬುದಾದರೂ ಗೊತ್ತಿರಬೇಕಲ್ಲವೇ? ಆ ಕಪಾಟುಗಳಿಗೆ ಕೀಲಿ ಹಾಕಿರುತ್ತದೆ, ಅದರಲ್ಲಿರುವ ಪುಸ್ತಕಗಳ ಯಾದಿ ಅರ್ಧಕ್ಕೇ ನಿಂತಿದೆ. ಯಾದಿ ಬರೆಯುವ ಕೆಲಸವನ್ನು ಅರ್ಧಕ್ಕೆ ಬಿಟ್ಟವನು ನಾನೇ. ಆ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಆದರೆ ನನ್ನ ತಪ್ಪಿನ ದಂಡವನ್ನು ಪುಸ್ತಕಗಳು ತೆರಬಾರದು.

ಪರೀಕ್ಷೆಗೆ ಓದುತ್ತಿರುವ ವಿದ್ಯಾರ್ಥಿನಿ, ಬೀಳಗಿ ತಾಲೂಕಿನ ಒಂದು ಹಳ್ಳಿ

ಗುರುಗಳಿಗೆ ನಮಸ್ಕಾರ. ನೀವು ಬರೆದದ್ದನ್ನು ಎರಡು ಸಲ ಓದಿದೆ. ನಾನು ಪುಸ್ತಕಗಳ ವಿರುದ್ಧ ಇಲ್ಲ ಎಂಬುದನ್ನು ಮೊದಲೇ ಹೇಳಿ, ನಮ್ಮ ಕಡೆಯ ಮಾತನ್ನೂ ತಿಳಿಸಲು ಅನುಮತಿ ಕೇಳುತ್ತೇನೆ.

ನಾನು ಮನೆಯಿಂದ ಐದೂವರೆಗೆ ಹೊರಡುತ್ತೇನೆ. ಮೊದಲ ಬಸ್ಸು ತಪ್ಪಿದರೆ ಎಂಟೂವರೆಯವರೆಗೆ ಬೇರೆ ಬಸ್ಸಿಲ್ಲ, ಅಷ್ಟು ಹೊತ್ತಿಗೆ ವಾಚನಾಲಯದಲ್ಲಿ ಕುರ್ಚಿ ಇರುವುದಿಲ್ಲ. ಮನೆಯಲ್ಲಿ ಇರುವುದು ಎರಡೇ ಕೋಣೆ. ತಮ್ಮ ಮೊಬೈಲು ನೋಡುತ್ತಾನೆ, ಅಜ್ಜಿಗೆ ಕೆಮ್ಮು, ಹೊರಗೆ ಎಮ್ಮೆ. ಅಲ್ಲಿ ಕುಳಿತು ಓದುವುದು ಆಗದ ಮಾತು. ಊರಲ್ಲಿ ಖಾಸಗಿ ಓದುವ ಕೋಣೆಗಳಿವೆ, ಆದರೆ ತಿಂಗಳಿಗೆ ಅವರು ಕೇಳುವ ದುಡ್ಡಿನಲ್ಲಿ ನನ್ನ ಬಸ್ ಪಾಸೂ ಮಧ್ಯಾಹ್ನದ ಊಟವೂ ಆಗುತ್ತದೆ. ವಿಜಯಪುರಕ್ಕೋ ಧಾರವಾಡಕ್ಕೋ ಹೋಗಿ ಕೋಚಿಂಗ್ ಸೇರಿದ ಗೆಳತಿಯರಿದ್ದಾರೆ. ನಮ್ಮಂಥವರಿಗೆ ಈ ವಾಚನಾಲಯದ ಒಂದು ಕುರ್ಚಿ, ಒಂದು ಟ್ಯೂಬ್‌ಲೈಟು, ಹೆಣ್ಣುಮಕ್ಕಳಿಗೆ ಬಾಗಿಲಿಗೆ ಚಿಲಕವಿರುವ ಒಂದು ಶೌಚಾಲಯ, ಇಷ್ಟೇ ಕೋಚಿಂಗು. (ಚಿಲಕ ಎರಡು ತಿಂಗಳಿಂದ ಕೂಡುತ್ತಿಲ್ಲ, ಕಾರ್ಯದರ್ಶಿಗಳು ದಯವಿಟ್ಟು ಗಮನಿಸಬೇಕು.)

ನಾವು ಮನೆಯಿಂದ ತಂದ ನಮ್ಮದೇ ಪುಸ್ತಕ ಓದುತ್ತೇವೆ, ವಾಚನಾಲಯದ ಪುಸ್ತಕ ಮುಟ್ಟುವುದಿಲ್ಲ ಎಂದು ಕೆಲವು ಹಿರಿಯರು ಬೇಸರಪಡುತ್ತಾರೆ. ಅದು ನಿಜ. ಆದರೆ ಬೇಕಾದ ಪುಸ್ತಕ ಎಲ್ಲಿದೆ ಎಂದು ಕೇಳಿದರೆ ಹೇಳುವವರೂ ಇಲ್ಲ. ಕೃಷ್ಣಾ ಜಲವಿವಾದದ ಬಗ್ಗೆ ಪ್ರಬಂಧ ಸಿದ್ಧಮಾಡುವಾಗ ನಮ್ಮ ಜಿಲ್ಲೆಯ ಮುಳುಗಡೆಯ ವಿವರ ಗೈಡುಗಳಲ್ಲಿ ಒಂದು ಸಾಲು ಮಾತ್ರ ಸಿಕ್ಕಿತು. ಗುರುಗಳು ಮೇಲೆ ಬರೆದದ್ದು ಆ ಸಾಲಿಗಿಂತ ಎಷ್ಟೋ ಹೆಚ್ಚು ತಿಳಿಸಿತು.

ನಿವೃತ್ತ ಕಾಲೇಜು ಗ್ರಂಥಪಾಲಕಿ, ವಿದ್ಯಾಗಿರಿ

ಇಬ್ಬರ ಮಾತನ್ನೂ ಓದಿದೆ. ಇದೇ ಕೆಲಸದಲ್ಲಿ ವರ್ಷಗಳನ್ನು ಕಳೆದವಳಾದ್ದರಿಂದ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ, ಬೇಸರಪಡಬಾರದು.

ಗ್ರಂಥಾಲಯದಿಂದ ಪುಸ್ತಕಗಳನ್ನು ತೆಗೆದುಹಾಕುವುದು ಪಾಪವಲ್ಲ. ಹೊಲದಲ್ಲಿ ಕಳೆ ತೆಗೆದಂತೆ ಅದೂ ನಮ್ಮ ಕೆಲಸದ ಒಂದು ಭಾಗವೇ. ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಮೊದಲನೆಯದು, ಪುಸ್ತಕಗಳಿರುವುದು ಬಳಕೆಗಾಗಿ ಎಂಬುದು. ಅದನ್ನು ಸಮಿತಿಯವರು ತಮ್ಮ ಪಕ್ಷಕ್ಕೆ ಹೇಳಿಕೊಳ್ಳಬಹುದು. ಆದರೆ ಎರಡನೆಯದು ಪ್ರತಿ ಓದುಗನಿಗೂ ಅವನ ಪುಸ್ತಕ, ಮೂರನೆಯದು ಪ್ರತಿ ಪುಸ್ತಕಕ್ಕೂ ಅದರ ಓದುಗ. ಓದುಗನೂ ಪುಸ್ತಕವೂ ಒಂದೇ ಮನೆಯಲ್ಲಿದ್ದು ಪರಸ್ಪರ ಗೊತ್ತಿಲ್ಲದಿದ್ದರೆ ತಪ್ಪು ಇಬ್ಬರದೂ ಅಲ್ಲ, ನಡುವೆ ಇರಬೇಕಾದ ಯಾದಿಯದು. ಬೀಳಗಿಯ ಮಗಳು ಬರೆದದ್ದು ನೇರವಾಗಿ ಇದನ್ನೇ.

ಹತ್ತು ವರ್ಷಗಳ ಅಳತೆಗೋಲಿನ ಬಗ್ಗೆಯೂ ಹೇಳಬೇಕು. ಪುಸ್ತಕದ ಹಿಂದೆ ಅಂಟಿಸಿದ ದಿನಾಂಕದ ಚೀಟಿಯ ಮೇಲೆ ಮುದ್ರೆ ಬೀಳುವುದು ಮನೆಗೆ ಒಯ್ದಾಗ ಮಾತ್ರ. ಅಲ್ಲೇ ನಿಂತು ಎರಡು ಪುಟ ನೋಡಿಕೊಂಡು ಇಟ್ಟುಹೋದವರ ಗುರುತು ಎಲ್ಲಿಯೂ ಉಳಿಯುವುದಿಲ್ಲ. ಕೋಶ, ಗ್ಯಾಝೆಟಿಯರು, ಹಳೆಯ ಮಾಸಿಕಗಳ ಕಟ್ಟುಗಳು ಮನೆಗೆ ಹೋಗುವಂಥವೇ ಅಲ್ಲ. ಆದ್ದರಿಂದ ಮುದ್ರೆಯನ್ನಷ್ಟೇ ನೋಡಿ ತೀರ್ಮಾನಿಸಿದರೆ ಅತ್ಯಂತ ಬೆಲೆಯುಳ್ಳವು ಮೊದಲು ರದ್ದಿಗೆ ಹೋಗುತ್ತವೆ.

ನಾನು ಮಾಡುತ್ತಿದ್ದ ರೀತಿ ಹೀಗಿತ್ತು. ಒಂದೊಂದೇ ಪುಸ್ತಕವನ್ನು ಕೈಗೆ ತೆಗೆದುಕೊಂಡು ಮೂರು ಪ್ರಶ್ನೆ ಕೇಳಿಕೊಳ್ಳುತ್ತಿದ್ದೆ. ಇದರಲ್ಲಿರುವ ಮಾಹಿತಿ ಹಳತಾಗಿ ಓದುಗನ ದಾರಿ ತಪ್ಪಿಸುತ್ತದೆಯೇ? ಇದು ಬೇರೆಲ್ಲಾದರೂ ಸುಲಭವಾಗಿ ಸಿಗುತ್ತದೆಯೇ? ಇದಕ್ಕೂ ನಮ್ಮ ಊರಿಗೂ ಸಂಬಂಧವಿದೆಯೇ? ಇಪ್ಪತ್ತು ವರ್ಷ ಹಳೆಯ ಆದಾಯ ತೆರಿಗೆಯ ಗೈಡು, ಈಗ ಯಾರೂ ಬಳಸದ ಕಂಪ್ಯೂಟರ್ ಪಾಠಗಳು, ಪಠ್ಯಕ್ರಮ ಬದಲಾದ ಶಾಲಾ ಪುಸ್ತಕಗಳು, ಒಂದೇ ಕಾದಂಬರಿಯ ಮೂರನೆಯ, ನಾಲ್ಕನೆಯ ಪ್ರತಿ, ಇವುಗಳನ್ನು ಕಣ್ಣೀರಿಲ್ಲದೆ ತೆಗೆದುಹಾಕಿ. ಊರಿನ ಸಂಬಂಧವಿರುವುದನ್ನು, ಅದು ಎಷ್ಟೇ ಹರಿದಿರಲಿ, ಬಿಡಬೇಡಿ. ತೆಗೆದ ಪ್ರತಿಯೊಂದರ ಪ್ರವೇಶ ಸಂಖ್ಯೆಯ ಮುಂದೆ ರಿಜಿಸ್ಟರಿನಲ್ಲಿ ಕೆಂಪು ಶಾಯಿಯಿಂದ ದಿನಾಂಕ ಮತ್ತು ಠರಾವಿನ ಸಂಖ್ಯೆಯನ್ನು ಬರೆಯಬೇಕು. ನೋಂದಾಯಿತ ಸಂಘದ ಆಸ್ತಿ ಲೆಕ್ಕವಿಲ್ಲದೆ ಹೊರಗೆ ಹೋಗಬಾರದು.

ಇನ್ನೊಂದು ಮಾತು. ಸಾಹಿತ್ಯದ ಪುಸ್ತಕಗಳಿಗೆಲ್ಲ 894.814 ಎಂಬ ಒಂದೇ ಸಂಖ್ಯೆಯನ್ನು ಬರೆದು ಅಲ್ಲಿಗೇ ನಿಲ್ಲಿಸಿರುವುದನ್ನು ಒಮ್ಮೆ ನೋಡಿದ್ದೆ. ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಡುವ ಡ್ಯೂಯಿ ಪದ್ಧತಿಯಲ್ಲಿ ಅದು ಕನ್ನಡ ಸಾಹಿತ್ಯಕ್ಕೆಲ್ಲ ಸಲ್ಲುವ ಸಂಖ್ಯೆ. ಮುಂದೆ ಕಾವ್ಯಕ್ಕೆ 1, ನಾಟಕಕ್ಕೆ 2, ಕಥೆ ಕಾದಂಬರಿಗೆ 3 ಎಂದು ಸೇರಿಸಬೇಕು. ಇದೊಂದನ್ನು ಸರಿಪಡಿಸಿದರೂ ಅರ್ಧ ಗೊಂದಲ ತೀರುತ್ತದೆ.

ಬೈಂಡಿಂಗ್ ಕೆಲಸದವನು, ಹಳೆ ಊರು

ಪುಸ್ತಕದ ಒಳಗೆ ಏನಿದೆ ಎಂದು ಹೇಳುವಷ್ಟು ಓದಿದವನು ನಾನಲ್ಲ. ಪುಸ್ತಕದ ಮೈ ಬಗ್ಗೆ ಮಾತ್ರ ಹೇಳುತ್ತೇನೆ.

ಹೋದ ವರ್ಷ ಮಾಸಿಕದ ಎರಡು ಕಟ್ಟು ಹೊಲಿಯಲು ಬಂದಾಗ ಆ ಕಪಾಟು ನೋಡಿದೆ. ಕಪಾಟಿನ ಬೆನ್ನು ಗೋಡೆಗೆ ಹತ್ತಿದೆ. ಹಿನ್ನೀರು ಬಂದ ಮೇಲೆ ನಮ್ಮ ಕಡೆಯ ಹಳೆಯ ಮಣ್ಣಿನ ಗೋಡೆಗಳಿಗೆ ಬುಡದಿಂದಲೇ ಜೌಗು ಏರುತ್ತದೆ, ಮಾಳಿಗೆ ಎಷ್ಟು ಗಟ್ಟಿ ಮಾಡಿದರೂ ಅದು ನಿಲ್ಲುವುದಿಲ್ಲ. ಕಪಾಟನ್ನು ಗೋಡೆಯಿಂದ ಒಂದು ಗೇಣು ಮುಂದೆ ತಂದು, ಕಾಲಿನ ಕೆಳಗೆ ಇಟ್ಟಿಗೆ ಕೊಟ್ಟು, ಕೆಳಗಿನ ಖಾನೆ ಖಾಲಿ ಬಿಡಬೇಕು. ಒರಲಿ ಮೇಲೆ ಏರುವುದು ಆ ಸಂದಿಯಿಂದಲೇ. ಡಾಂಬರ್ ಗುಳಿಗೆ ಹಾಕಿದರೆ ಸಾಕು ಎಂದು ಕಪಾಟು ಮುಚ್ಚಿಡುವುದು ತಪ್ಪು, ಗಾಳಿಯಾಡಬೇಕು.

ಹರಿದ ಹಾಳೆಗೆ ಸೆಲ್ಲೋಟೇಪು ಹಚ್ಚಬೇಡಿ ಎಂದು ಎಲ್ಲರಿಗೂ ಕೈಮುಗಿದು ಹೇಳುತ್ತೇನೆ. ಕೆಲವೇ ವರ್ಷಗಳಲ್ಲಿ ಟೇಪು ಉದುರುತ್ತದೆ, ಅದರ ಅಂಟು ಮಾತ್ರ ಹಳದಿಯಾಗಿ ಕಾಗದದೊಳಗೆ ಇಳಿದು ಅಕ್ಷರ ತಿನ್ನುತ್ತದೆ. ಮೈದಾ ಹಿಟ್ಟನ್ನು ನೀರಿನಲ್ಲಿ ಕುದಿಸಿ, ಹುಳ ಬೀಳದಂತೆ ಒಂದು ಚಿಟಿಕೆ ಮೈಲುತುತ್ತ ಹಾಕಿ ಮಾಡಿದ ಅಂಟು, ತೆಳ್ಳಗಿನ ಕಾಗದದ ಪಟ್ಟಿ, ಇಷ್ಟಿದ್ದರೆ ಸಾಕು. ಆ ಅಂಟನ್ನು ಮಕ್ಕಳ ಕೈಗೆ ಸಿಗದಂತೆ ಇಡಬೇಕು, ಮೈಲುತುತ್ತ ವಿಷ. ಎರಡು ಕಪಾಟಿನಲ್ಲಿ ಯಾವುದನ್ನು ಉಳಿಸುವುದೆಂದು ನೀವು ಆರಿಸಿ ಕೊಟ್ಟರೆ ಹೊಲಿಗೆಯ ಕೂಲಿ ನಾನು ತೆಗೆದುಕೊಳ್ಳುವುದಿಲ್ಲ, ರಟ್ಟು ಮತ್ತು ಬಟ್ಟೆಯ ಖರ್ಚು ವಾಚನಾಲಯದ್ದು.

ಯುವ ಸದಸ್ಯ, ಮೊಬೈಲ್ ಅಂಗಡಿ ನಡೆಸುವವನು

ಎಲ್ಲ ಹಿರಿಯರ ಮೇಲೆ ಗೌರವವಿಟ್ಟುಕೊಂಡೇ ಬೇರೆ ಮಾತು ಹೇಳುತ್ತೇನೆ. ನಮ್ಮ ಅಪ್ಪನೂ ಕೈಗಾಡಿ ತಳ್ಳಿದವರಲ್ಲಿ ಒಬ್ಬರು, ಆದ್ದರಿಂದ ಮುಳುಗಡೆಯ ನೋವು ನನಗೆ ಗೊತ್ತಿಲ್ಲ ಎಂದಲ್ಲ. ಆದರೆ ಇಪ್ಪತ್ತು ವರ್ಷ ಕೀಲಿ ಹಾಕಿಟ್ಟ ಮೇಲೆ, ಯಾರೋ ತೆಗೆಯುತ್ತೇವೆ ಎಂದ ಕೂಡಲೇ ಅದು ಬಂಗಾರವಾಗುವುದು ಸರಿಯೇ? ಕುರ್ಚಿ ಸಿಗದೆ ತಿರುಗಿ ಹೋದ ಹುಡುಗ ಮತ್ತೆ ಬರುವುದಿಲ್ಲ. ಕಳೆದ ವರ್ಷ ನಮ್ಮ ಓಣಿಯ ಒಬ್ಬ ಹುಡುಗ ಹಾಗೆಯೇ ಓದು ಬಿಟ್ಟು ಬೆಂಗಳೂರಿಗೆ ಕೆಲಸಕ್ಕೆ ಹೋದ. ಉಳಿಸಬೇಕು ಎನ್ನುವವರು ಯಾದಿ ಮುಗಿಸಲು ಒಂದು ತಾರೀಖು ಹೇಳಲಿ. ತಾರೀಖು ಇಲ್ಲದ ಮಾತಾದರೆ ನಾನು ಸಭೆಯಲ್ಲಿ ಮೇಜಿಗೇ ಕೈ ಎತ್ತುತ್ತೇನೆ.

ನಿವೃತ್ತ ಹೈಸ್ಕೂಲು ಶಿಕ್ಷಕ

ತಮ್ಮಾ, ನಿನ್ನ ಮಾತು ನ್ಯಾಯವಾಗಿದೆ. ನಿಮ್ಮ ತಂದೆಯವರ ಜೊತೆ ಗಾಡಿಯ ಇನ್ನೊಂದು ಹಿಡಿಕೆ ಹಿಡಿದವನು ನಾನು. ಸರ್ವಸಾಧಾರಣ ಸಭೆಯ ಹಿಂದಿನ ದಿನದೊಳಗೆ ಯಾದಿ ಮುಗಿಸುತ್ತೇನೆ. ಕಣ್ಣು ಈಗ ಮೊದಲಿನಂತಿಲ್ಲ, ಹೆಸರು ಓದಿ ಹೇಳಲು ಒಬ್ಬರು ಸಿಕ್ಕರೆ ಸಾಕು.

ನವನಗರದ ಒಬ್ಬ ತಾಯಿ

ಕಪಾಟು, ಮೇಜುಗಳ ಮಾತಿನ ನಡುವೆ ಮಕ್ಕಳನ್ನು ಮರೆಯಬಾರದೆಂದು ಬರೆಯುತ್ತಿದ್ದೇನೆ. ರವಿವಾರದ ಕಥೆಗೆ ನನ್ನ ಇಬ್ಬರು ಮಕ್ಕಳು ಬರುತ್ತಾರೆ, ಆದರೆ ನವನಗರದಿಂದ ಹಳೆ ಊರಿಗೆ ಬಂದು ಹೋಗುವುದರಲ್ಲಿ ಅರ್ಧ ದಿನ ಕಳೆಯುತ್ತದೆ. ಊರಿನ ಅರ್ಧದಷ್ಟು ಓದುಗರು ಸ್ಥಳಾಂತರವಾದ ಮೇಲೂ ವಾಚನಾಲಯ ಹಳೆ ಊರಿನಲ್ಲೇ ಉಳಿದದ್ದು ನನಗೆ ಸಂತೋಷವೇ, ಅದು ಅಲ್ಲಿಂದ ಕದಲಬಾರದು. ಬದಲಾಗಿ ತಿಂಗಳಿಗೆ ಎರಡು ರವಿವಾರ ಒಂದು ಟ್ರಂಕಿನಲ್ಲಿ ಐವತ್ತು ಮಕ್ಕಳ ಪುಸ್ತಕಗಳನ್ನು ನವನಗರಕ್ಕೆ ತಂದರೆ, ನಮ್ಮ ಮನೆಯ ಪಡಸಾಲೆಯಲ್ಲಿ ಹಂಚುವ ವ್ಯವಸ್ಥೆಯನ್ನು ನಾನು ನೋಡಿಕೊಳ್ಳುತ್ತೇನೆ. ಪುಸ್ತಕ ಕಳೆದರೆ ಹೊಣೆಯೂ ನನ್ನದೇ.

ವಕೀಲ, ವಿಜಯಪುರ (ಮೂಲ ಬಾಗಲಕೋಟೆ)

ಊರು ಬಿಟ್ಟರೂ ಸದಸ್ಯತ್ವ ಬಿಟ್ಟಿಲ್ಲ. ಮಾಸಿಕಗಳ ಕಟ್ಟುಗಳ ಪ್ರಸ್ತಾಪ ಬಂದಿರುವುದರಿಂದ ಕಾನೂನಿನ ಒಂದು ಅಂಶ ತಿಳಿಸುತ್ತೇನೆ.

ಆ ಕಪಾಟಿನಲ್ಲಿ ಫ. ಗು. ಹಳಕಟ್ಟಿಯವರ ‘ಶಿವಾನುಭವ’ ಪತ್ರಿಕೆಯ ಕೆಲವು ಸಂಪುಟಗಳಿದ್ದುದನ್ನು ವಿದ್ಯಾರ್ಥಿಯಾಗಿದ್ದಾಗ ಕಂಡಿದ್ದೇನೆ. ಇಲ್ಲಿ ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದ ಹಳಕಟ್ಟಿಯವರು ಮನೆಮನೆ ತಿರುಗಿ ಓಲೆಗರಿಗಳಿಂದ ವಚನಗಳನ್ನು ಸಂಗ್ರಹಿಸಿದರು. ಅಚ್ಚು ಹಾಕಿಸಲು ಬೇರೆಯವರನ್ನು ನೆಚ್ಚಿ ಕೂರದೆ ಮನೆ ಮಾರಿ ತಾವೇ ಮುದ್ರಣಾಲಯ ಹಾಕಿದರು, 1926ರಲ್ಲಿ ‘ಶಿವಾನುಭವ’ವನ್ನು ಆರಂಭಿಸಿದರು. ಆಗ ನಮ್ಮ ಜಿಲ್ಲೆಗಳೆರಡೂ ಒಂದೇ ವಿಜಾಪುರ ಜಿಲ್ಲೆ. ಬಾಗಲಕೋಟೆ ಬೇರೆಯಾದದ್ದು 1997ರಲ್ಲಿ. ಹಾಗಾಗಿ ಅದು ನಮ್ಮೂರಿನ ಪತ್ರಿಕೆಯೂ ಹೌದು.

ನಮ್ಮ ಕೃತಿಸ್ವಾಮ್ಯ ಕಾಯ್ದೆಯಂತೆ ಲೇಖಕರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ ಹಕ್ಕು ಇರುತ್ತದೆ. ಹಳಕಟ್ಟಿಯವರು ತೀರಿಕೊಂಡದ್ದು 1964ರಲ್ಲಿ. ಆದ್ದರಿಂದ ಅವರು ಬದುಕಿದ್ದಾಗ ಪ್ರಕಟವಾದ ಅವರ ಸ್ವಂತ ಬರಹ 2025ರ ಜನವರಿ 1ರಿಂದ ಎಲ್ಲರಿಗೂ ಮುಕ್ತ. ಸ್ಕ್ಯಾನ್ ಮಾಡಿ ಹಂಚಲು ಯಾರ ಅನುಮತಿಯೂ ಬೇಡ. ಅದೇ ಪತ್ರಿಕೆಯಲ್ಲಿ ಬೇರೆಯವರು ಬರೆದ ಲೇಖನಗಳಿಗೆ ಅವರವರು ತೀರಿಕೊಂಡ ವರ್ಷವನ್ನು ನೋಡಬೇಕು. ಸ್ಕ್ಯಾನ್ ಆಯಿತೆಂದು ಮೂಲ ಪ್ರತಿಯನ್ನು ರದ್ದಿಗೆ ಹಾಕಬಾರದು ಎಂಬುದು ನನ್ನ ಆಗ್ರಹ. ಆದಿಲಶಾಹಿಗಳ ಗ್ರಂಥಭಂಡಾರದಲ್ಲಿ ಉಳಿದಿದ್ದ ಅರಬ್ಬಿ, ಫಾರ್ಸಿ ಹಸ್ತಪ್ರತಿಗಳು ಇಲ್ಲಿನ ಆಸಾರ್ ಮಹಲಿನಿಂದ 19ನೆಯ ಶತಮಾನದಲ್ಲಿ ಲಂಡನ್ನಿಗೆ ಹೋದವು, ಈಗ ಅಲ್ಲಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಆ ಮಹಲಿನ ಮುಂದೆ ದಿನಾಲು ಹಾದುಹೋಗುವವನು ನಾನು. ಒಂದು ಊರಿನ ಪುಸ್ತಕ ಆ ಊರಿನಲ್ಲಿ ಇರುವುದಕ್ಕೂ ದೂರದಲ್ಲಿ ಭದ್ರವಾಗಿರುವುದಕ್ಕೂ ಎಷ್ಟು ಅಂತರವೆಂದು ನನಗೆ ಪ್ರತಿ ದಿನ ಅನ್ನಿಸುತ್ತದೆ.

ವಾಚನಾಲಯದ ಕಾರ್ಯದರ್ಶಿ

ಇಷ್ಟು ಜನ ಇಷ್ಟು ಕಾಳಜಿಯಿಂದ ಬರೆದಿರುವುದಕ್ಕೆ ಕೃತಜ್ಞತೆಗಳು. ಶೌಚಾಲಯದ ಚಿಲಕವನ್ನು ನಿನ್ನೆಯೇ ಹಾಕಿಸಿದ್ದೇವೆ, ತಡವಾದುದಕ್ಕೆ ಕ್ಷಮಿಸಬೇಕು.

ಸಮಿತಿಯ ಮೇಲೆ ಯಾರೂ ತಪ್ಪು ತಿಳಿಯಬಾರದೆಂದು ಹಣದ ಸ್ಥಿತಿಯನ್ನು ಬಿಚ್ಚಿ ಹೇಳುತ್ತೇನೆ. ನಾವು ಆಸ್ತಿ ತೆರಿಗೆ ಕಟ್ಟುವಾಗ ಅದರ ಮೇಲೆ ಶೇಕಡಾ 6ರಷ್ಟು ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಂತೆ ಆ ಹಣ ಸರ್ಕಾರದ ಸಾರ್ವಜನಿಕ ಗ್ರಂಥಾಲಯಗಳಿಗೆ ಸೇರತಕ್ಕದ್ದು. ನಮ್ಮಂಥ ಸಂಘದ ವಾಚನಾಲಯಕ್ಕೆ ಅದರಲ್ಲಿ ಪಾಲಿಲ್ಲ. ಹಳ್ಳಿಗಳ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಹೋಗಿ ಈಗ ಅರಿವು ಕೇಂದ್ರಗಳಾಗಿವೆ, ಅವಕ್ಕೆ ಕಂಪ್ಯೂಟರು, ಮಕ್ಕಳ ಪುಸ್ತಕ ಬರುತ್ತಿರುವುದನ್ನು ನೋಡಿ ನಮಗೂ ಸಂತೋಷವಾಗುತ್ತದೆ. ನಮಗಿರುವುದು ಸದಸ್ಯರ ವರ್ಗಣಿ, ಠೇವಣಿಯ ಬಡ್ಡಿ, ಮದುವೆ ಮುಂಜಿವೆಗಳಲ್ಲಿ ಜನ ಕೊಡುವ ದೇಣಿಗೆ. ಇದರಲ್ಲಿ ವಿದ್ಯುತ್ ಬಿಲ್ಲು, ಏಳು ಪತ್ರಿಕೆಗಳ ಬಿಲ್ಲು, ಬಾಗಿಲು ತೆಗೆದು ಮುಚ್ಚುವವರ ಸಂಭಾವನೆ ಕಳೆದರೆ ಹೊಸ ಕೋಣೆ ಕಟ್ಟಿಸುವ ಮಾತನ್ನು ಆಡುವಂತಿಲ್ಲ. ಕೊಲ್ಕತ್ತದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನದಿಂದ ಸ್ವಯಂಸೇವಾ ಗ್ರಂಥಾಲಯಗಳಿಗೂ ನೆರವು ಸಿಗುತ್ತದೆಂದು ತಿಳಿದು ಅರ್ಜಿಯ ಕಾಗದಪತ್ರ ಜೋಡಿಸುತ್ತಿದ್ದೇವೆ. ಅದಕ್ಕೂ ಪುಸ್ತಕಗಳ ಪೂರ್ತಿ ಯಾದಿ ನಮ್ಮಲ್ಲಿ ಸಿದ್ಧವಿರುವುದು ಒಳ್ಳೆಯದು.

ಇನ್ನೊಂದು ಸಂಗತಿ. ಆಲಮಟ್ಟಿಯ ನೀರನ್ನು 524.256 ಮೀಟರಿಗೆ ಏರಿಸಬಹುದೆಂದು ಎರಡನೆಯ ಕೃಷ್ಣಾ ನ್ಯಾಯಾಧಿಕರಣ 2010ರಲ್ಲಿ ಹೇಳಿರುವುದು ಎಲ್ಲರಿಗೂ ಗೊತ್ತು. ಅದು ಜಾರಿಯಾದ ದಿನ ನಮ್ಮ ಕಟ್ಟಡದ ಗತಿಯೇನು ಎಂಬ ಚಿಂತೆ ನಮ್ಮ ಪ್ರತಿ ಸಭೆಯಲ್ಲೂ ಬರುತ್ತದೆ. ಮತ್ತೊಮ್ಮೆ ಪುಸ್ತಕ ಹೊರುವ ಪ್ರಸಂಗ ಬಂದರೆ, ಏನು ಹೊರುತ್ತಿದ್ದೇವೆ ಎಂಬುದಾದರೂ ನಮಗೆ ತಿಳಿದಿರಬೇಕು. ಗುರುಗಳು ಯಾದಿ ಬರೆಯಲು ಮುಂದೆ ಬಂದದ್ದರಿಂದ ಪ್ರಸ್ತಾವವನ್ನು ಸದ್ಯಕ್ಕೆ ತಡೆದಿದ್ದೇವೆ.

ಪರೀಕ್ಷೆಗೆ ಓದುತ್ತಿರುವ ವಿದ್ಯಾರ್ಥಿನಿ

ರವಿವಾರ ನಾನು ಮತ್ತು ಇನ್ನಿಬ್ಬರು ಗೆಳತಿಯರು ಗುರುಗಳ ಜೊತೆ ಮೊದಲ ಕಪಾಟು ತೆರೆದೆವು. ಮೊಬೈಲ್ ಅಂಗಡಿಯ ಅಣ್ಣನೂ ಬಂದು ಕಪಾಟನ್ನು ಗೋಡೆಯಿಂದ ಸರಿಸಿ ಇಟ್ಟಿಗೆ ಕೊಟ್ಟರು. ನಡೆದದ್ದನ್ನು ಇದ್ದಂತೆ ವರದಿ ಮಾಡುತ್ತೇನೆ.

ಕೆಳಗಿನ ಖಾನೆ ಪೂರ್ತಿ ಹೋಗಿದೆ. ಒಂದು ಪುಸ್ತಕವನ್ನು ಎತ್ತಿದಾಗ ರಟ್ಟು ಮಾತ್ರ ಕೈಗೆ ಬಂತು, ಒಳಗೆ ಒರಲಿಯ ಮಣ್ಣು. ಗುರುಗಳು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ನಡುವಿನ ಎರಡು ಖಾನೆಗಳಲ್ಲಿ ಹೆಚ್ಚಿನವು ಹಳೆಯ ಗೈಡುಗಳು, ಪಠ್ಯಪುಸ್ತಕಗಳು, ಒಂದೇ ಪುಸ್ತಕದ ಹಲವು ಪ್ರತಿಗಳು. ಗ್ರಂಥಪಾಲಕಿಯಮ್ಮನವರು ಹೇಳಿದ ಮೂರು ಪ್ರಶ್ನೆ ಕೇಳಿ ಅವನ್ನು ಬೇರೆ ಕಟ್ಟಿಟ್ಟೆವು. ಮೇಲಿನ ಖಾನೆಯಲ್ಲಿ ‘ಶಿವಾನುಭವ’ದ ಮೂರು ಕಟ್ಟು, ‘ಕರ್ಮವೀರ’ದ ಬಿಡಿ ಸಂಚಿಕೆಗಳು, ಮತ್ತು ಒಂದು ಡಜನ್ನಿಗೂ ಹೆಚ್ಚು ನಾಟಕದ ಪುಸ್ತಕಗಳು ಸಿಕ್ಕವು. ಕೆಲವು ನಮ್ಮ ಜಿಲ್ಲೆಯವರೇ ಆದ ಸೂಳಿಭಾವಿಯ ನಾಟಕಕಾರ ಪಿ. ಬಿ. ಧುತ್ತರಗಿಯವರವು.

ಅವುಗಳಲ್ಲಿ ಒಂದಕ್ಕೆ ಹೊದಿಕೆಯೇ ಇರಲಿಲ್ಲ. ಆದರೆ ಪ್ರತಿ ಪುಟದ ಅಂಚಿನಲ್ಲಿ ಪೆನ್ಸಿಲ್ಲಿನ ಬರಹ: ‘ಇಲ್ಲಿ ಪೇಟಿ (ಹಾರ್ಮೋನಿಯಂ) ನಿಲ್ಲಬೇಕು’, ‘ಎಡದಿಂದ ಬರುವುದು’, ‘ಮಾತು ಜೋರು’, ‘ದೀಪ ಇಳಿಸು’. ಮೊದಲ ಪುಟದಲ್ಲಿ ಪಾತ್ರಗಳ ಮುಂದೆ ನಟರ ಅಡ್ಡಹೆಸರುಗಳು. ಊರಿನ ಹವ್ಯಾಸಿಗಳು ವಾಚನಾಲಯದ ಪ್ರತಿಯನ್ನೇ ತಾಲೀಮಿಗೆ ಬಳಸಿದ್ದರು ಎಂದು ಗುರುಗಳು ಹೇಳಿದರು. ನಾಯಕಿಯ ಪಾತ್ರದ ಮುಂದೆ ಇದ್ದ ಅಡ್ಡಹೆಸರನ್ನು ಓದಿದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡು, ಆತ ತಮ್ಮ ಪಕ್ಕದ ಮನೆಯವನು, ಗಂಡಸಾಗಿಯೂ ಆ ಪಾತ್ರಕ್ಕೆ ಅವನನ್ನು ಬಿಟ್ಟು ಬೇರೆ ಯಾರೂ ಒಪ್ಪುತ್ತಿರಲಿಲ್ಲ, ಆ ಓಣಿ ಈಗ ನೀರಿನೊಳಗಿದೆ ಎಂದರು. ಪುಸ್ತಕದ ಹಿಂದಿನ ಚೀಟಿಯ ಮೇಲೆ ಮುದ್ರೆಗಳು ಮುಗಿದು ಎರಡನೆಯ ಚೀಟಿ ಅಂಟಿಸಿದ್ದರು, ಅದೂ ಅರ್ಧ ತುಂಬಿತ್ತು.

ಆ ಪುಸ್ತಕ ಹಳೆಯ ಯಾದಿಯಲ್ಲಿ ಇರಲಿಲ್ಲ. ಹೊಸ ಯಾದಿಯ ಮೊದಲ ಸಂಖ್ಯೆ ಅದಕ್ಕೇ ಕೊಟ್ಟಿದ್ದೇವೆ, 894.8142 ಎಂದು ಸರಿಯಾಗಿ ಬರೆದು.

ನಿವೃತ್ತ ಕಾಲೇಜು ಗ್ರಂಥಪಾಲಕಿ

ಮಗಳೇ, ಆ ಪೆನ್ಸಿಲ್ ಬರಹವನ್ನು ಯಾರೂ ರಬ್ಬರಿನಿಂದ ಒರೆಸದಂತೆ ನೋಡಿಕೊಳ್ಳಿ. ಯಾದಿಯ ಷರಾ ಅಂಕಣದಲ್ಲಿ ‘ತಾಲೀಮಿನ ಪ್ರತಿ, ಅಂಚಿನಲ್ಲಿ ಟಿಪ್ಪಣಿಗಳಿವೆ’ ಎಂದು ಬರೆಯಿರಿ. ಮುಂದಿನ ರವಿವಾರ ನಾನೂ ಬರುತ್ತೇನೆ. ಕೇಂದ್ರ ಸರ್ಕಾರದ ಎನ್‌ಐಸಿಯವರು ಗ್ರಂಥಾಲಯಗಳಿಗಾಗಿ ಮಾಡಿರುವ ಇ-ಗ್ರಂಥಾಲಯ ತಂತ್ರಾಂಶಕ್ಕೆ ಈ ಯಾದಿಯನ್ನು ಏರಿಸುವುದು ಹೇಗೆಂದು ನಿಮ್ಮಲ್ಲಿ ಇಬ್ಬರಿಗೆ ಕಲಿಸಿಕೊಡುತ್ತೇನೆ.

ವಾಚನಾಲಯದ ಕಾರ್ಯದರ್ಶಿ

ಮೊದಲ ಕಪಾಟಿನ ಕೆಲಸ ಮುಗಿದ ಮೇಲೆ ಅಳತೆ ಹಾಕಿ ನೋಡಿದೆವು. ಉಳಿಸಿಕೊಳ್ಳಬೇಕಾದವು ಒಂದೇ ಕಪಾಟಿನಲ್ಲಿ ಕೂರುವಂತೆ ಕಾಣುತ್ತದೆ. ಹಾಗಾದರೆ ಎಂಟರ ಬದಲು ಐದು ಜನ ಕೂರುವ ಮೇಜು ಹಾಕಬಹುದು. ಇನ್ನು ಮೂರು ಕುರ್ಚಿಗಳಿಗೆ ಪತ್ರಿಕೆಯ ಮೇಜನ್ನು ಪಡಸಾಲೆಗೆ ತಂದರೆ ಜಾಗವಾಗುತ್ತದೆ ಎಂದು ಪತ್ರಿಕೆ ಓದುವ ಹಿರಿಯರೇ ಸೂಚಿಸಿದ್ದಾರೆ, ಅಲ್ಲಿ ಬೆಳಗಿನ ಬೆಳಕೂ ಚೆನ್ನಾಗಿದೆ. ಸಭೆಯ ಮುಂದೆ ಈ ತಿದ್ದಿದ ಪ್ರಸ್ತಾವವನ್ನೇ ಇಡುತ್ತೇವೆ. ನವನಗರಕ್ಕೆ ಟ್ರಂಕು ಕಳಿಸುವುದನ್ನು ಠರಾವಿಗೆ ಕಾಯದೆ ಬರುವ ತಿಂಗಳಿಂದಲೇ ಆರಂಭಿಸುತ್ತೇವೆ.

ಎರಡನೆಯ ಕಪಾಟನ್ನು ಮುಂದಿನ ರವಿವಾರ ಬೆಳಿಗ್ಗೆ 9ಕ್ಕೆ ತೆರೆಯುತ್ತೇವೆ. ಬರುವವರು ಒಂದು ಮೆತ್ತಗಿನ ಹತ್ತಿ ಬಟ್ಟೆ, ಮೂಗಿಗೆ ಕಟ್ಟಿಕೊಳ್ಳಲು ಒಂದು ಕರವಸ್ತ್ರ ತರಬೇಕು. ಹಳೆಯ ಊರಿನ ಓಣಿ, ಮನೆತನಗಳ ಅಡ್ಡಹೆಸರು ಗೊತ್ತಿರುವ ಹಿರಿಯರು ಒಬ್ಬಿಬ್ಬರಾದರೂ ಬಂದು ಕುರ್ಚಿಯ ಮೇಲೆ ಕುಳಿತಿದ್ದರೆ ಸಾಕು, ಪುಸ್ತಕಗಳ ಮೊದಲ ಪುಟದಲ್ಲಿರುವ ಹೆಸರುಗಳು ಯಾರವೆಂದು ಕೇಳಿ ಬರೆದುಕೊಳ್ಳುತ್ತೇವೆ. ಅವಲಕ್ಕಿ ಮತ್ತು ಚಹಾದ ವ್ಯವಸ್ಥೆ ಇದೆ.